ದೊರೆಯ ಮದುವೆ

"ಕತ್ತರಿ ಕೆಳಗಿಡಿ!"

ಬಾಗಿಲಲ್ಲಿ ಕೇಳಿದ ದನಿಗೆ ಅವಳು ಬೆಚ್ಚಿಬಿದ್ದಳು. ಒಂದು ಕೈಯಲ್ಲಿ ಕತ್ತರಿ. ಇನ್ನೊಂದರಲ್ಲಿ ದೊರೆಯ ಕಿವಿಯ ಹಿಂದೆ ಗಂಟುಗಟ್ಟಿದ ಕೂದಲು. ದೊರೆ ಹಲ್ಲು ತೋರಿಸಿ ಗುರುಗುಟ್ಟುತ್ತಿತ್ತು.

"ನಂಗೆ ಹೇಳೋಕೆ ನೀವ್ಯಾರು?"

"ನೀವೇ ಫೋನ್ ಮಾಡಿ ಕರೆಸಿದ್ರಲ್ಲ, ನಾಯಿಗೆ ಸ್ನಾನ ಮಾಡಿಸೋನು. ಆ ಗಂಟಿನೊಳಗೆ ಕಿವಿಯ ಚರ್ಮಾನೂ ಸಿಕ್ಕಿಕೊಂಡಿರತ್ತೆ. ಇನ್ನೊಂದು ಸಲ ಕತ್ತರಿ ಆಡಿಸಿದ್ರೆ ಕಿವೀನೇ ಕೈಗೆ ಬರತ್ತೆ!"

ಅವಳ ಕೈ ಮರಗಟ್ಟಿತು. ಅವನು ಬ್ಯಾಗು ಕೆಳಗಿಟ್ಟು, ಮೆಲ್ಲಗೆ ಬಂದು, ಅವಳ ಬೆರಳು ಬಿಡಿಸಿ ಕತ್ತರಿ ತೆಗೆದುಕೊಂಡ.

"ಬಾಚಿ ಎಷ್ಟು ದಿನ ಆಯ್ತು?"

"ಎರಡು ವರ್ಷ."

"ಇಷ್ಟು ದಿನ ಯಾಕೆ ಬಿಟ್ರಿ?"

"ಬಾಚ್ತಿದ್ದವರು ಈಗಿಲ್ಲ."

ಅವನು ಗೋಡೆಯ ಮೇಲಿನ ಹಾರ ಹಾಕಿದ ಫೋಟೋ ನೋಡಿದ. ಬಚ್ಚಲ ನೆಲದ ಮೇಲೆ ಕೂತು, ಒಂದೊಂದೇ ಗಂಟನ್ನು ತುದಿಯಿಂದ ಬುಡದ ಕಡೆಗೆ ಬಿಡಿಸಿದ. ಎರಡು ಗಂಟೆ ಹಿಡಿಯಿತು. ಗಂಡ ಹೋದ ಮೇಲೆ ಆ ಮನೆಯಲ್ಲಿ ಯಾರೂ ಯಾವುದಕ್ಕೂ ಅಷ್ಟು ಹೊತ್ತು ತಾಳ್ಮೆಯಿಂದ ಕೂತದ್ದು ಅವಳಿಗೆ ನೆನಪಿರಲಿಲ್ಲ...

ಅಂದಿನಿಂದ ಪ್ರತಿ ಎರಡನೇ ಶನಿವಾರ ಅವನು ಬರತೊಡಗಿದ. ಅವಳ ಜೊತೆಗೇ ಇದ್ದ ಅತ್ತೆ, ಗಂಡನ ತಾಯಿ, ಅವನಿಗೆ 'ಬಕೆಟ್ ಸಾಹೇಬ' ಎಂದು ಹೆಸರಿಟ್ಟರು.

ಕಷ್ಟ ಒಂದೇ. 'ಸ್ನಾನ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ದೊರೆ ಮಂಚದ ಕೆಳಗೆ! 'ನೀರು' ಅಂದರೂ ಅಷ್ಟೇ, 'ಸೋಪು' ಅಂದರೂ ಅಷ್ಟೇ.

"ಇವನಿಗೆ ಗೊತ್ತಿಲ್ಲದ ಮಾತು ಒಂದು ಬೇಕಲ್ಲ," ಎಂದ ಅವನು.

ಸೋಫಾದಲ್ಲಿ ಕೂತಿದ್ದ ಅತ್ತೆ ತಲೆಯೆತ್ತಲಿಲ್ಲ. "ಮದುವೆ ಅನ್ನಿ. ನಮ್ಮನೇಲಿ ಆ ಮಾತು ಯಾರೂ ಎತ್ತಲ್ಲ. ಅವನು ಎಲ್ಲಿ ಕೇಳಿರ್ತಾನೆ?"

ಅದೇ ಗಟ್ಟಿಯಾಯಿತು. "ಶನಿವಾರ ಮದುವೆ ಇಟ್ಕೊಳ್ಳೋಣ್ವಾ?" ಎಂದು ಅವನು ಫೋನಿನಲ್ಲಿ ಕೇಳುವುದು, "ಹತ್ತು ಗಂಟೆಗೆ ಬನ್ನಿ" ಎಂದು ಅವಳು ಹೇಳುವುದು. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ನಗು ಬಂದದ್ದು ಆ ಮಾತಿಗೇ.

ಹೀಗೆ ಆರು ತಿಂಗಳು ಕಳೆಯಿತು.

ಒಂದು ಶನಿವಾರ ಅವನು ಬಂದವನೇ ಕೆಲಸಕ್ಕೆ ಕೂತ. ದೊರೆಯ ಮೈ ಒರೆಸಿ, ಹತ್ತಿ ಹಿಡಿದು ಒಂದೇ ಕಿವಿಯನ್ನು ಮತ್ತೆ ಮತ್ತೆ ಒರೆಸಿದ. ಅವಳು ಬೆನ್ನು ತಿರುಗಿಸಿ ನೆಲದ ನೀರು ಬಳಿಯುತ್ತಿದ್ದಳು.

"ಒಂದು ಮಾತು ಕೇಳ್ಬೇಕಿತ್ತು... ಮದುವೆ ವಿಚಾರ. ಏನಂತೀರಿ?"

ಅವನು ಕೇಳಿದ್ದು ದೊರೆಯ ಮದುವೆಯನ್ನಲ್ಲ. ಅವಳಿಗೆ ಅದು ತಿಳಿಯಲಿಲ್ಲ. ಹದಿನೈದು ದಿನದ ಹಿಂದೆ ದೊರೆ ಸೋಪಿನ ಮೈಯಲ್ಲೇ ಓಡಿ, ಹಾಸಿಗೆ ಹತ್ತಿ, ಅತ್ತೆಯಿಂದ ಇಡೀ ದಿನ ಬೈಸಿಕೊಂಡದ್ದು ಅವಳ ತಲೆಯಲ್ಲಿತ್ತು.

"ಅಯ್ಯೋ, ಇಷ್ಟು ಬೇಗ ಬೇಡ! ಹೋದ ಸಲದ್ದೇ ಸಾಕಾಗಿ ಹೋಗಿದೆ ನಂಗೆ. ಅತ್ತೇನೂ ಒಪ್ಪಲ್ಲ."

ಅವಳು ತಿರುಗುವ ಹೊತ್ತಿಗೆ ಅವನು ಬಾಚಣಿಗೆಗಳನ್ನು ಬ್ಯಾಗಿಗೆ ತುಂಬುತ್ತಿದ್ದ.

"ಕಾಫಿ?"

"ಬೇಡ... ತಪ್ಪು ತಿಳ್ಕೋಬೇಡಿ."

ಸಂಜೆ ಒಂದು ಮೆಸೇಜು ಬಂತು. 'ಇನ್ಮೇಲೆ ನನ್ನ ಬದಲು ಬೇರೆಯವರು ಬರ್ತಾರೆ.'

ಅವಳು ಅದನ್ನು, ಪ್ರೆಸ್ಸಿನ ಕರಡು ತಿದ್ದುವಾಗ ಓದುವ ಹಾಗೆ, ಮೂರು ಸಲ ಓದಿದಳು. 'ನಾನೇನು ಮಾಡಿದೆ? ಗಂಡನಿಲ್ಲದವಳ ಮನೆಗೆ ಹೋಗ್ತಾನೆ ಅಂತ ಯಾರೋ ಆಡ್ಕೊಂಡಿರಬೇಕು. ಇವನೂ ಅಷ್ಟೇನಾ!'

ಉರಿ ಎದ್ದಿತು. 'ಯಾರೂ ಬರೋದು ಬೇಡ. ನಾವೇ ಮಾಡ್ಕೊಳ್ತೀವಿ' ಎಂದು ಉತ್ತರ ಕಳಿಸಿದಳು.

ಮೂರು ವಾರ ಫೋನು ಮೌನವಾಗಿತ್ತು. ಶನಿವಾರ ಹತ್ತು ಗಂಟೆಗೆ ದೊರೆ ಬಾಗಿಲ ಬಳಿ ಹೋಗಿ ಮಲಗುತ್ತಿತ್ತು. ಅವಳು ಅತ್ತ ನೋಡುತ್ತಿರಲಿಲ್ಲ.

ನಾಲ್ಕನೇ ವಾರ ದೊರೆಯ ಉಗುರು ನೆಲಕ್ಕೆ ಟಕಟಕ ಬಡಿಯತೊಡಗಿತು. ಅವಳು ಉಗುರು ಕತ್ತರಿ ತಂದಳು. ಅತ್ತೆ ದೊರೆಯ ಕುತ್ತಿಗೆ ತಬ್ಬಿ ಕೂತರು. ಕಪ್ಪು ಉಗುರು, ಒಳಗಿನ ರಕ್ತನಾಳ ಎಲ್ಲಿಗೆ ಮುಗಿಯುತ್ತದೋ ಕಾಣುವುದಿಲ್ಲ.

ಒಂದು... ಎರಡು... ಮೂರನೆಯದಕ್ಕೆ ದೊರೆ ಕಿರುಚಿತು.

ರಕ್ತ! ನೆಲ, ಟವೆಲ್, ಅತ್ತೆಯ ಸೀರೆ... ಎಲ್ಲಿ ನೋಡಿದರೂ ರಕ್ತ!

"ಅಯ್ಯೋ, ಏನೇ ಮಾಡ್ದೆ!"

"ಕಾರ್ನ್‌ಫ್ಲೋರ್ ಡಬ್ಬಿ ಕೊಡಿ ಅತ್ತೆ, ಬೇಗ!"

ರಕ್ತ ನಿಲ್ಲಲೆಂದು ಹಿಟ್ಟನ್ನು ಉಗುರಿಗೆ ಮೆತ್ತಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಎರಡೂವರೆ ವರ್ಷದಿಂದ ಬಾರದ ಕಣ್ಣೀರು ಈಗ ಬಂತು.

"ಅವನಿಗೆ ಫೋನ್ ಮಾಡ್ಲಾ?"

"ಬೇಡ! ಅವನಿಗೆ ನಾವು ಬೇಡವಾದ್ವಿ."

"ನೀನೇನಂದೆ ಅವನಿಗೆ?"

"ಏನೂ ಇಲ್ಲ! ಮದುವೆ ವಿಚಾರ ಏನಂತೀರಿ ಅಂದ. ಹೋದ ಸಲದ್ದೇ ಸಾಕಾಗಿದೆ, ಅತ್ತೆ ಒಪ್ಪಲ್ಲ ಅಂದೆ."

ಅತ್ತೆ ಸೊಸೆಯ ಮುಖವನ್ನೇ ನೋಡಿದರು.

"ಅವನು ಕೇಳಿದ್ದು ನಾಯಿ ಮದುವೇನೋ, ನಿನ್ನ ಮದುವೇನೋ?"

ಅವಳಿಗೆ ಆ ಶನಿವಾರ ನೆನಪಾಯಿತು. ಮತ್ತೆ ಮತ್ತೆ ಒರೆಸಿದ ಆ ಕಿವಿ... ಕುಡಿಯದೇ ಹೋದ ಕಾಫಿ...

"ದಿನಾ ಪ್ರೆಸ್ಸಿನವರ ತಪ್ಪು ತಿದ್ದೋ ಕೆಲಸ ನಿಂದು. ನಿನ್ನ ತಪ್ಪು ತಿದ್ದೋಕೆ ನಾನು ಬರಬೇಕಾಯ್ತು!" ಅತ್ತೆ ಫೋನ್ ಕೈಗೆತ್ತಿಕೊಂಡರು. "ಅತ್ತೆ ಒಪ್ಪಲ್ಲ ಅಂದೆಯಲ್ಲ, ನನ್ನನ್ನ ಯಾವಾಗ ಕೇಳಿದ್ದೆ?"

"ಅತ್ತೆ..."

"ನನ್ನ ಮಗ ವಾಪಸ್ ಬರಲ್ಲ ಕಣೇ. ನೀನೂ ಅವನ ಹಿಂದೆ ಹೋದವಳ ಹಾಗೆ ಇರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ."

ಅತ್ತೆಯೇ ನಂಬರ್ ಒತ್ತಿದರು. ಸ್ಪೀಕರ್ ಹಾಕಿ ಅವಳ ಮುಖದ ಮುಂದೆ ಹಿಡಿದರು. ರಿಂಗು... ಇನ್ನೂ ರಿಂಗು... ಪಂಜ ಒತ್ತಿ ಹಿಡಿದ ಅವಳ ಕೈ ಎರಡೂ ಕಟ್ಟಿಹಾಕಿದ ಹಾಗೆ.

"ಹೇಳಿ," ಎಂದ ಅವನು. ಒಣ ದನಿ.

"ನೀವು ಅವತ್ತು ಕೇಳಿದ್ದು... ಯಾರ ಮದುವೆ?"

ಅತ್ತ ಬಕೆಟ್ ಕೆಳಗಿಟ್ಟ ಸದ್ದು.

"ಈಗ ಅದೆಲ್ಲ ಯಾಕೆ? ಹೋದ ಸಲದ್ದೇ ಸಾಕಾಗಿದೆ ಅಂದ್ರಲ್ಲ."

"ನಾನಂದಿದ್ದು ನಾಯಿ ಸ್ನಾನಕ್ಕೆ ರೀ!"

ಆ ಮಾತು ಕೇಳಿ ದೊರೆ ಮಂಚದ ಕಡೆ ಎಳೆಯಿತು. ಅವಳು ಪಂಜ ಬಿಡಲಿಲ್ಲ.

"ನನ್ನ ಮದುವೆ ನಂಗೆ ಸಾಕಾಗಿರ್ಲಿಲ್ಲ..." ಅವಳು ಬಿಕ್ಕಿದಳು. "ಬೇಗ ಮುಗಿದುಹೋಯ್ತು, ಅಷ್ಟೇ."



"ಯಾಕೆ ಅಳ್ತಿದೀರಿ? ಏನಾಯ್ತು?"

"ಉಗುರು ಕತ್ತರಿಸ್ದೆ. ರಕ್ತ..."

"ಒತ್ತಿ ಹಿಡ್ಕೊಳ್ಳಿ. ಮಧ್ಯೆ ತೆಗೆದು ನೋಡಬೇಡಿ. ಬಂದೆ!"

ಅವನು ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲು ತೆರೆದೇ ಇತ್ತು. ಅತ್ತೆ, ಸೀರೆ ಬದಲಾಯಿಸಬೇಕೆಂದು ಒಳಗೆ ಹೋದವರು, ಹೊರಗೆ ಬರಲೇ ಇಲ್ಲ.

ಅವನು ಅವಳೆದುರು ಮಂಡಿಯೂರಿದ. ಹಿಟ್ಟು ಮೆತ್ತಿದ ಅವಳ ಕೈಗಳ ಮೇಲೆ ಕೈಯಿಟ್ಟ.

"ಬಿಡಿ, ನಾನು ನೋಡ್ತೀನಿ... ರಕ್ತ ಯಾವಾಗ್ಲೋ ನಿಂತಿದೆಯಲ್ರೀ!"

"ಗೊತ್ತು."

"ಮತ್ತೆ ಯಾಕೆ ಹಿಡ್ಕೊಂಡು ಕೂತಿದೀರಿ?"

"ಕೈ ಬಿಟ್ರೆ ನೀವು ಬರಲ್ವೇನೋ ಅನ್ನಿಸ್ತು."

ಅವನು ಅವಳ ಬೆರಳುಗಳನ್ನು ಬಿಡಿಸಿ, ತನ್ನ ಅಂಗೈಯೊಳಗೆ ಇಟ್ಟುಕೊಂಡ.

"ಬಂದಿದೀನಲ್ಲ," ಎಂದ. "ಈಗ ಬಿಡಿ ನೋಡೋಣ."

ಅವಳು ಅವನ ಕೈ ಬಿಡಲಿಲ್ಲ.