ಹಲ್ಲಿಲ್ಲದ ಅಳಿಯ

ನಿಲ್ಸ್‌ಗೆ ಮುಂದಿನ ನಾಲ್ಕು ಹಲ್ಲುಗಳಿರಲಿಲ್ಲ.

ಕಟ್ಟಿಸಿಕೊಂಡಿದ್ದ ಹಲ್ಲುಗಳನ್ನು ವಿಮಾನದಲ್ಲಿ ತೆಗೆದು ಎಲ್ಲೋ ಇಟ್ಟು ಮರೆತಿದ್ದ. ಹಾಗಾಗಿ ತಿ. ನರಸೀಪುರದ ಮನೆ ಬಾಗಿಲಲ್ಲಿ ಅತ್ತೆ ರಾಚಮ್ಮ ಆರತಿ ತಟ್ಟೆ ಎತ್ತಿದಾಗ, ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ, ಕುತ್ತಿಗೆ ಮುಚ್ಚುವಷ್ಟು ಗಡ್ಡ ಬಿಟ್ಟ ಸ್ವೀಡನ್ನಿನ ಅಳಿಯ ಬಾಯಿ ತುಂಬಾ ನಕ್ಕ. ಬಾಯಿಯ ನಡುವೆ ಬರೀ ಕತ್ತಲು ಕಾಣಿಸಿತು.

"ಅಯ್ಯೋ ಸಿವ್ನೇ! ಮುದುಕನ್ನ ಕಟ್ಕಂಡವ್ಳಲ್ಲಪ್ಪೋ!"

ಹಾಗೆ ಕೂಗಿದವಳು ಚನ್ನಾಜಮ್ಮ, ಮಾವ ಚಿಕ್ಕಸ್ವಾಮಿಯ ಅಕ್ಕ. ತಮ್ಮನ ಮಗಳು ಕವನಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದಿದ್ದವಳು. ಆ ಆಸೆ ಮುರಿದ ಮೇಲೆ ತಮ್ಮನ ಮನೆಯ ಯಾವ ಸುಖವೂ ಅವಳ ಕಣ್ಣಿಗೆ ಹಿಡಿಸುತ್ತಿರಲಿಲ್ಲ.

"ಮುದುಕ ಅಲ್ಲ ಕಣತ್ತೆ, ಮೂವತ್ಮೂರು. ಅಲ್ಲು ಆಟದಲ್ಲಿ ಓದವು," ಎಂದಳು ಕವನ, ಎಳೆ ಮಗಳನ್ನು ಹೆಗಲಿಗೊರಗಿಸಿಕೊಂಡು.

"ಅದ್ಯಾವ ಆಟವಮ್ಮಾ ಅಲ್ಲು ಉದುರ್ಸದು? ನನ್ ಮಗನೂ ಕಬಡ್ಡಿ ಆಡ್ದ. ಮೂವತ್ತೆರಡೂ ಅವೆ."

"ಅವೆ ಬುಡಕ್ಕ. ಹೊಗೆಸೊಪ್ಪು ತಿಂದೂ ತಿಂದೂ ಕರ್ರಗೆ ಅವೆ," ಎಂದ ಚಿಕ್ಕಸ್ವಾಮಿ.

ಎಲ್ಲರಿಗಿಂತ ಜೋರಾಗಿ ನಕ್ಕವನು ನಿಲ್ಸ್. ವಿಡಿಯೊ ಕಾಲಿನಲ್ಲಿ ರಾಚಮ್ಮನೇ ಕಲಿಸಿದ್ದರಿಂದ ಅವನ ಕನ್ನಡ ಅಪ್ಪಟ ನರಸೀಪುರದ್ದು. ರಾತ್ರಿ ಊಟಕ್ಕೆ ಮುದ್ದೆ ಬಡಿಸಲು ಆಕೆ ಹಿಂಜರಿದಾಗ ಅವನೇ ತಟ್ಟೆ ಎಳೆದುಕೊಂಡ. ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ.

"ಅಗೀಬಾರ್ದು ಅಲ್ವಾ ಅವ್ವ? ನನ್ನಂತೋರ್ಗೇ ಮಾಡವ್ರೆ ಇದ್ನ."

ರಾಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಮುದ್ದೆ ಹಾಕಿದಳು.

ನಿಲ್ಸ್ ಹದಿನೆಂಟನೇ ವಯಸ್ಸಿನಿಂದ ಐಸ್-ಹಾಕಿ ಎಂಬ ಆಟ ಆಡಿ ಬದುಕಿದವನು. ಮಂಜುಗಡ್ಡೆಯ ನೆಲ, ಕಾಲಿಗೆ ಅಲಗಿನ ಬೂಟು, ಕೈಯಲ್ಲಿ ಕೋಲು, ಚೆಂಡಿನ ಬದಲು ಕಪ್ಪು ರಬ್ಬರಿನ ಬಿಲ್ಲೆ. ಅವನು ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವರಿಗೆ ಮೈ ಅಡ್ಡ ಕೊಡುವವನು. ಪತ್ರಿಕೆಗಳಲ್ಲಿ ಅವನ ಚಿತ್ರ ಬಂದದ್ದು ಕಡಿಮೆ. ಆಸ್ಪತ್ರೆಗಳಲ್ಲಿ ಅವನ ಗುರುತು ಜಾಸ್ತಿ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ಸ್ವೀಡನ್ನಿನ ಒಂದು ಆಸ್ಪತ್ರೆ ಸೇರಿದ್ದ ಕವನಳ ಕೈಗೆ ಅವನ ಜಾರಿದ ಭುಜ ಬಂದದ್ದು ಹಾಗೆಯೇ. ಮದುವೆಗೆ ಮುಂಚೆಯೇ ಅವನ ತಲೆಗೆ ಎರಡು ಸಲ ಪೆಟ್ಟಾಗಿ ಎಚ್ಚರ ತಪ್ಪಿತ್ತು. ಅವಳು ಒಂದೇ ಮಾತು ತೆಗೆದುಕೊಂಡಿದ್ದಳು: ಇನ್ನೊಂದು ಸಲ ತಲೆಗೆ ಬಿದ್ದರೆ ಆಟ ಬಿಡಬೇಕು. ಅವನು ಒಪ್ಪಿದ್ದ.

ಅಳಿಯ ಬಿಳಿಯನೆಂದು ಊರು ನಕ್ಕಾಗ ಚಿಕ್ಕಸ್ವಾಮಿ ನಗಲಿಲ್ಲ. ಅವನು ಗರಡಿಯ ಆಳು. ಕುಸ್ತಿಯಲ್ಲಿ ಅವನ ಬಲಗಿವಿ ಮುದುಡಿ ಹೋಗಿತ್ತು. ಅಳಿಯನ ಪಂದ್ಯಗಳನ್ನು ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಮೊಬೈಲಿಟ್ಟು ಎಲ್ಲರಿಗೂ ತೋರಿಸುತ್ತಿದ್ದ. "ಗುದ್ದಲಾ! ಅಂಗೇ ಗೋಡೆಗ್ ಒತ್ತು!" ಎಂದು ಇಡೀ ಅಂಗಡಿ ಕೂಗುತ್ತಿತ್ತು.

ಕವನ ಚೊಚ್ಚಲ ಹೆರಿಗೆಗೆಂದು ಏಳು ತುಂಬುವ ಮುಂಚೆಯೇ ತವರಿಗೆ ಬಂದಿದ್ದಳು. ಫೆಬ್ರುವರಿಯಲ್ಲಿ ಅವಳಿಗೆ ಬಳೆ ತೊಡಿಸುವ ಶಾಸ್ತ್ರವಾಯಿತು. ಅದಾಗಿ ಮೂರನೆಯ ದಿನ ಟೀ ಅಂಗಡಿಯವರು ಕೂಗುವುದನ್ನು ನಿಲ್ಲಿಸಿದರು. ಪರದೆಯ ಮೇಲೆ ನಿಲ್ಸ್ ಆಟದಂಗಳದ ಸುತ್ತಲಿನ ಹಲಗೆ ಗೋಡೆಗೆ ತಲೆ ಬಡಿದು ಬಿದ್ದ, ಏಳಲಿಲ್ಲ. ನಾಲ್ವರು ಹೊತ್ತುಕೊಂಡು ಹೋದರು.

ಚಿಕ್ಕಸ್ವಾಮಿ ಮೊಬೈಲ್ ಮಗುಚಿ ಹಾಕಿದ. "ಕವ್ನಂಗೆ ಯಾರೂ ಯೋಳ್ಬ್ಯಾಡ್ರಪ್ಪ. ಬಸುರಿ ಎಂಗ್ಸು."

ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು. ಅದನ್ನು ಯಾರೂ ಯಾರಿಗೂ ವಿವರಿಸಬೇಕಿರಲಿಲ್ಲ. ಟೀ ಅಂಗಡಿ ಸುಮ್ಮನಾಯಿತು, ಕೇರಿ ಸುಮ್ಮನಾಯಿತು, ಬಾಯಿಗೆ ಬೀಗವಿಲ್ಲದ ಚನ್ನಾಜಮ್ಮ ಕೂಡ ಸುಮ್ಮನಾದಳು. ಆಸ್ಪತ್ರೆಯಿಂದ ನಿಲ್ಸ್ ಫೋನು ಮಾಡಿದಾಗ ಮಾವನೇ ಅವನಿಗೂ ಹೇಳಿಕೊಟ್ಟ: ಭುಜ ನೋವು ಅನ್ನು, ಹೆರಿಗೆ ಆಗಲಿ. ರಾಚಮ್ಮ, ಅಳಿಯ ಎದ್ದು ಓಡಾಡಿದರೆ ಅವನ ಮುಡಿ ಕೊಡಿಸುತ್ತೇನೆಂದು ನಂಜನಗೂಡಿನ ದೇವರಿಗೆ ಹರಕೆ ಹೊತ್ತಳು. ಒಂದು ತಿಂಗಳಾದ ಮೇಲೆ ಅವನು ಮತ್ತೆ ಆಡಲು ಇಳಿದ. ಅದೂ ಯಾರಿಗೂ ತಪ್ಪೆನಿಸಲಿಲ್ಲ. ಹರಕೆ ಫಲಿಸಿತು ಅಂದುಕೊಂಡರು.

ಹೆರಿಗೆಯಾಯಿತು. ಹೇಳುವ ದಿನ ಮಾತ್ರ ಬರಲಿಲ್ಲ. ಬಾಣಂತಿಗೆ ಹೇಳಬಾರದು ಅಂದಳು ರಾಚಮ್ಮ. ಇತ್ತ ನಿಲ್ಸ್‌ಗೆ ಕ್ಲಬ್ಬು ಇನ್ನೊಂದು ವರ್ಷದ ಕರಾರು ಕೊಡುತ್ತೇನೆಂದಿತು. "ಕೊನೇ ಸಲ," ಎಂದು ಅವನು ಕೇಳಿದ. ಈ ವರ್ಷ ತಲೆಗೆ ಏನೂ ಆಗಿಲ್ಲವೆಂದು ನಂಬಿದ್ದ ಕವನ ಸರಿ ಅಂದುಬಿಟ್ಟಿದ್ದಳು.

ನಿಲ್ಸ್ ಬಂದ ವಾರದಲ್ಲೇ ಎಲ್ಲರೂ ನಂಜನಗೂಡಿಗೆ ಹೋದರು. ಕಪಿಲೆಯ ಸೋಪಾನಕಟ್ಟೆಯಲ್ಲಿ ಕ್ಷೌರಿಕ ಅವನ ತಲೆ, ಗಡ್ಡ ಎರಡನ್ನೂ ಬೋಳಿಸಿದ. ಹೊಳೆಯಲ್ಲಿ ಮುಳುಗಿ ಎದ್ದವನು ಮಗುವಿನ ಹಾಗೆ ಕಾಣುತ್ತಿದ್ದ.

"ಅವ್ವ, ಇದ್ಯಾವ ಹರಕೆ?" ಎಂದಳು ಕವನ.

"ಎರಿಗೆ ಸುಸೂತ್ರ ಆಗ್ಲಿ ಅಂತ ಕಣವ್ವ," ಎಂದು ರಾಚಮ್ಮ ಮುಖ ತಿರುಗಿಸಿದಳು.

ಮಧ್ಯಾಹ್ನಗಳಲ್ಲಿ ನಿಲ್ಸ್ ಕಿಟಕಿ ಮುಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತಿದ್ದ. ಪಾತ್ರೆ ಬಿದ್ದ ಸದ್ದಿಗೂ ಬೆಚ್ಚುತ್ತಿದ್ದ. ಹಿಮದ ನಾಡಿನವನಿಗೆ ನಮ್ಮ ಮೇ ತಿಂಗಳ ಬಿಸಿಲು ತಡೆಯುವುದಿಲ್ಲವೆಂದು ಎಲ್ಲರೂ ತಿಳಿದರು. ರಾಚಮ್ಮ ಕಿಟಕಿಗೆ ಒದ್ದೆ ಪಂಚೆ ಕಟ್ಟಿದಳು, ಎಳನೀರು ತರಿಸಿದಳು. ಪ್ರೀತಿಯಲ್ಲಿ ಯಾರೂ ಕಡಿಮೆ ಮಾಡಲಿಲ್ಲ.

ನಾಮಕರಣದ ದಿನ ಬಂತು. ಹೆಸರನ್ನು ನಿಲ್ಸ್‌ನೇ ಆರಿಸಿದ್ದ: ಎಲಿನ್. ಅವನು ಹತ್ತು ವರ್ಷದವನಿದ್ದಾಗ ತೀರಿಕೊಂಡ ಅವನ ತಾಯಿಯ ಹೆಸರು. ರಾಚಮ್ಮ ರಾಗಿ ಬೀಸುವಾಗ, ಬಟ್ಟೆ ಒಗೆಯುವಾಗ ಅದನ್ನೇ ಹೇಳಿ ಹೇಳಿ ನಾಲಿಗೆ ಪಳಗಿಸಿಕೊಂಡಿದ್ದಳು. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ನಿಲ್ಸ್‌ಗೆ ಅಕ್ಕತಂಗಿಯರಿಲ್ಲದ ಕಾರಣ ಅಪ್ಪನೇ ಹೇಳಲಿ ಎಂದಾಯಿತು. ಅವನು ಪಂಚೆ ಉಟ್ಟು ತೊಟ್ಟಿಲ ಬಳಿ ಕೂತು, ಮಗುವನ್ನೆತ್ತಿಕೊಂಡು, ವೀಳ್ಯದೆಲೆಯನ್ನು ಅದರ ಕಿವಿಗೆ ಮರೆ ಹಿಡಿದು, ಬಾಯಿ ತೆರೆದ.

ಮಾತು ಹೊರಡಲಿಲ್ಲ.

"ಮೂರ್ ಸಲ ಯೋಳಪ್ಪ," ಎಂದಳು ಚನ್ನಾಜಮ್ಮ.

ಅವನ ತುಟಿ ಅಲುಗಿತು. ಬೋಳು ತಲೆಯ ಮೇಲೆ ಬೆವರು ಮೂಡಿತು. ಸುತ್ತ ನೋಡಿದ.

"ನಾಚ್ಕೆ ಕಣ್ರೇ ಅವ್ನ್ಗೆ!" ಯಾರೋ ಅಂದರು. "ಬಿಳಿಯೋನಿಗೆ ನಾಲ್ಗೆ ತಿರುಗಕಿಲ್ಲ. ಸುಲಭದ್ ಎಸ್ರು ಮಡ್ಗಬೇಕಿತ್ತು!" ಎಂದರು ಇನ್ಯಾರೋ. ಮನೆ ತುಂಬಾ ಅಕ್ಕರೆಯ ನಗು ಎದ್ದಿತು.

ಕವನ ನಗಲಿಲ್ಲ. ಅದು ಅವನ ನಾಡಿನ ಹೆಸರು... ಅವನ ತಾಯಿಯ ಹೆಸರು! ಅವಳ ಮನಸ್ಸಿನಲ್ಲಿ ಕಳೆದುಹೋದ ಹಲ್ಲಿನ ಸೆಟ್ಟು, ಕತ್ತಲೆ ಕೋಣೆ, ಬೋಳಿಸಿದ ತಲೆ ಒಂದರ ಹಿಂದೊಂದು ಬಂದು ನಿಂತವು. ಎದ್ದು ಹೋಗಿ ಮಗುವನ್ನು ತೆಗೆದುಕೊಂಡು, ಗಂಡನನ್ನು ಕೈಹಿಡಿದು ಕೋಣೆಗೆ ಕರೆದೊಯ್ದಳು. ಹಿಂದೆಯೇ ರಾಚಮ್ಮ, ಚಿಕ್ಕಸ್ವಾಮಿ, ಚನ್ನಾಜಮ್ಮ ಬಂದರು.

"ಯಾವತ್ತು ಬಿತ್ತು ತಲೆಗೆ?" ಸಿಟ್ಟಿನಲ್ಲಿ ಅವಳು ಗಂಡನ ಜೊತೆ ಕನ್ನಡದಲ್ಲೇ ಮಾತಾಡಿದಳು.

ನಿಲ್ಸ್ ಮಾವನ ಕಡೆ ನೋಡಿದ. ಆ ನೋಟ ಸಾಕಾಯಿತು.

"ಅಪ್ಪ... ನಿಂಗೆ ಗೊತ್ತಿತ್ತಾ?"

"ಫೆಬ್ರವರೀಲಿ ಕಣವ್ವ. ಟೀ ಅಂಗ್ಡೀಲಿ ಎಲ್ರೂ ನೋಡುದ್ವು... ನೀನು ಬಸುರಿ ಅಂತ..."

"ಟೀ ಅಂಗಡಿಗೆ ಗೊತ್ತು! ಅತ್ತೆಗೆ ಗೊತ್ತು! ಇದೇ ಕೆಲಸ ಓದಿದೋಳು ನಾನು, ನನಗೊಬ್ಬಳಿಗೆ ಗೊತ್ತಿಲ್ಲ! ಮತ್ತೆ ಆಡಕ್ಕೆ ಕಳಿಸಿದ್ರಲ್ಲಪ್ಪ... ಸಾಯಕ್ಕೆ ಕಳಿಸಿದ್ರಿ!" ಅವಳ ದನಿ ಒಡೆಯಿತು. ಎದೆಗವಚಿದ್ದ ಮಗುವೂ ಅತ್ತಿತು.

ರಾಚಮ್ಮ ಅಳಿಯನ ಕೈ ಹಿಡಿದೆಳೆದಳು. "ಮಗೀನ ತಲೆ ಮುಟ್ಟಿ ಆಣೆ ಮಾಡು! ಇನ್ನು ಆಡಕಿಲ್ಲ ಅಂತ ಆಣೆ ಮಾಡಪ್ಪಾ!"

"ಬುಡು ರಾಚಿ." ಚಿಕ್ಕಸ್ವಾಮಿ ನಡುವೆ ಬಂದ. "ನಿಮ್ಮವ್ವ ನಂಗೂ ಇಂಗೇ ಆಣೆ ಆಕ್ಸುದ್ಲು. ಕುಸ್ತಿ ಬುಟ್ಟೆ. ಆಣೆ ಆಕ್ಸಿದೋಳ್ ಮೇಲೆ ಸಿಟ್ಟು ಅವ್ಳು ಸತ್ತ್ ಮೇಲೂ ಓಗ್ಲಿಲ್ಲ. ಈ ಮಗೀನ್ ಮೇಲೆ ಅಂತಾ ಸಿಟ್ಟು ಬರದು ಬ್ಯಾಡ." ಅವನು ಅಳಿಯನ ಭುಜ ಮುಟ್ಟಿದ. "ತಪ್ಪು ನಂದು ಅಳಿಯಂದ್ರೆ. ನೀವು ಎದ್ ನಿಂತಾಗ ನಂಗೆ ಎಷ್ಟ್ ಖುಸಿ ಆಯ್ತು... ನಾನೇ ಅಖಾಡಕ್ಕೆ ಇಳ್ದಂಗೆ. ನೀವೇ ನೋಡಿ, ನೀವೇ ಯೋಳಿ."

ನಿಲ್ಸ್ ಮಗಳ ಕೆನ್ನೆ ಮುಟ್ಟಿದ. ಆಮೇಲೆ ಮೆಲ್ಲಗೆ ಕೇಳಿದ:

"ಅವ್ವ... ಎಸ್ರು ಏನು?"

"ಎಲಿನ್ ಕಣಪ್ಪ," ಎಂದಳು ರಾಚಮ್ಮ, ಬಿಕ್ಕುತ್ತ. "ನಿಮ್ಮವ್ವನ್ ಎಸ್ರು."

ಅವನು ತಲೆಯಾಡಿಸಿದ. ಹಿತ್ತಿಲಿಗೆ ಹೋಗಿ ತೆಂಗಿನ ಮರದ ಕೆಳಗೆ ನಿಂತು ಕ್ಲಬ್ಬಿಗೆ ಫೋನು ಮಾಡಿದ. ಅವನ ಭಾಷೆ ಕವನಳಿಗೆ ಬಿಟ್ಟು ಯಾರಿಗೂ ತಿಳಿಯದು. ಆದರೂ ಬಾಗಿಲಲ್ಲಿ ನಿಂತ ಚಿಕ್ಕಸ್ವಾಮಿ ಆ ಅಗಲ ಬೆನ್ನು ಕುಸಿದದ್ದನ್ನು ನೋಡಿ ಎಲ್ಲ ತಿಳಿದುಕೊಂಡ. ಮುದುಡಿದ ಕಿವಿಯನ್ನು ಸುಮ್ಮನೆ ಉಜ್ಜಿಕೊಂಡ. ಕವನ ಹೋಗಿ ಗಂಡನ ಬೆನ್ನಿಗೆ ಹಣೆಯಿಟ್ಟು ನಿಂತಳು. ಅವಳ ಸಿಟ್ಟು ಪೂರಾ ಇಳಿದಿರಲಿಲ್ಲ. ಆದರೂ ನಿಂತಳು.

ಒಳಗೆ ಬಂದು ಅವನು ಎಲೆ ಎತ್ತಿಕೊಂಡ. ಈ ಸಲ ಕವನ ಅವನ ಕಿವಿಯಲ್ಲಿ ಹೇಳಿದಳು, ಅವನು ಮಗಳ ಕಿವಿಯಲ್ಲಿ ಹೇಳಿದ. ಮೂರು ಸಲವೂ ಹಾಗೆಯೇ. ಚನ್ನಾಜಮ್ಮ ಮೂಗೊರೆಸಿಕೊಂಡು ಸಕ್ಕರೆ ತಟ್ಟೆ ತಂದಳು.

"ಬಾಯ್ ತಗಿ. ಅಲ್ಲು ಇಲ್ದಿದ್ರೂ ಸಕ್ರೆ ಕರಗ್ತದೆ."

ಹೋದದ್ದು ಇಷ್ಟು: ನಾಲ್ಕು ಹಲ್ಲು, ಒಂದು ವರ್ಷದ ಕರಾರು, ಫೆಬ್ರುವರಿಯ ಒಂದು ವಾರ. ಆ ವಾರದಲ್ಲೇ ಕವನ ಎರಡು ಕೈ ತುಂಬಾ ಹಸಿರು ಬಳೆ ತೊಟ್ಟು ಅವನಿಗೆ ವಿಡಿಯೊದಲ್ಲಿ ತೋರಿಸಿದ್ದಳು. ಅವನು ನೋಡಿ ನಕ್ಕದ್ದು ಅವಳಿಗೆ ನೆನಪಿದೆ. ಅವನಿಗಿಲ್ಲ.