ಅಳುವ ಆನೆಮರಿ

“ಈ ಆನೆಮರಿ ಯಾಕೆ ನಗ್ತಾ ಇದೆ?”

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ಅವನು ಅವಳಿಗೆ ಹೇಳಿದ ಮೊದಲ ಮಾತೇ ಅದು. ವಾರ್ಡಿನ ಗೋಡೆಗೆ ಪೋಸ್ಟರ್ ಬೇಕೆಂದು ಕೇಳಿದ್ದವನೂ ಅವನೇ. ಇಂಜೆಕ್ಷನ್ ಹಾಕಿಸಿಕೊಳ್ಳುವ ಆನೆಮರಿಯನ್ನು ಪೆನ್ಸಿಲ್ಲಿನಲ್ಲಿ ಗೀಚಿಕೊಂಡು, ಎರಡು ಬಸ್ಸು ಬದಲಿಸಿ ಬಂದಿದ್ದಳು ಅವಳು.

“ಮಕ್ಕಳು ಹೆದರಬಾರದಲ್ವಾ?”

“ನೋವಾಗುವಾಗ ನಗೋರನ್ನ ಮಕ್ಕಳು ನಂಬಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನ ಕಣ್ಣ ಕೆಳಗಿನ ಕಪ್ಪು ನೋಡಿ ಚಿತ್ರವನ್ನು ಚೀಲಕ್ಕೆ ವಾಪಸ್ ಹಾಕಿಕೊಂಡಳು. ಹಾಸಿಗೆ ಹಿಡಿದ ಅಮ್ಮನ ಆರೈಕೆಯ ನಡುವೆ ಚಿತ್ರ ಬಿಡಿಸುವ ಅವಳಿಗೂ ಕನ್ನಡಿಯಲ್ಲಿ ದಿನಾ ಕಾಣುವುದು ಅದೇ ಕಪ್ಪು.

ಆನೆಯ ಕಣ್ಣಂಚಿಗೆ ಒಂದು ಹನಿ ಸೇರಿಸಿ ತಂದಳು. ಸೊಂಡಿಲು ಬಿಗಿಯಾಗಿದೆ ಎಂದ. ಮುಂದಿನ ವಾರ ಸೂಜಿ ದೊಡ್ಡದಾಯಿತು ಎಂದ. ಪ್ರತಿ ಸಲವೂ ಬಾಗಿಲಲ್ಲಿ ನಿಂತೇ ಹತ್ತು ನಿಮಿಷ ಮಾತು. ಬೆನ್ನು ಹುಣ್ಣಾಗದಂತೆ ಅಮ್ಮನ ಮಗ್ಗುಲು ಹೇಗೆ ಬದಲಿಸಬೇಕೆಂದು ಅವನೇ ಹೇಳಿಕೊಟ್ಟ.

ಆ ಹತ್ತು ನಿಮಿಷಕ್ಕೆ ತಾನು ವಾರವಿಡೀ ಕಾಯುತ್ತಿದ್ದೇನೆ ಎಂದು ತಿಳಿದಾಗ ಅವಳಿಗೇ ಗಾಬರಿಯಾಯಿತು...

ಕೊನೆಗೊಂದು ದಿನ ಪೆನ್ಸಿಲ್ ಚಿತ್ರದ ಫೋಟೋ ತೆಗೆದು, ತಾನು ಚಿತ್ರ ಬಿಡಿಸುವ ಟ್ಯಾಬ್ಲೆಟ್ಟಿಗೆ ಹಾಕಿದಳು. ಅದರ ಮೇಲೆ ಪಾರದರ್ಶಕ ಹಾಳೆಯಂಥ ಹೊಸ ಪದರ ತೆರೆದು ಕಪ್ಪು ಗೆರೆ ಎಳೆದಳು. ಬೂದು ಬಣ್ಣ ತುಂಬಿ, ಕಿವಿಯ ಹಿಂದೆ ತೆಳುವಾಗಿ ನೆರಳು ಕೊಟ್ಟಳು. ‘ಅಳಬಹುದು. ಬೇಗ ಮುಗಿಯುತ್ತೆ’ ಎಂದು ದಪ್ಪಕ್ಷರದಲ್ಲಿ ಬರೆದು ಅವನಿಗೆ ಕಳಿಸಿದಳು.

ಒಂಬತ್ತು ದಿನವಾದರೂ ಉತ್ತರವಿಲ್ಲ.

ಬೇರೆ ಯಾರಿಂದಲೋ ಮಾಡಿಸಿಕೊಂಡಿರುತ್ತಾನೆ, ಬಿಟ್ಟುಹಾಕು ಎಂದಳು ಅಕ್ಕ. ‘ಅವನಿಗೆ ಚಿತ್ರವೂ ಬೇಡವಾಯಿತು, ನಾನೂ...’ ಮುಂದೆ ಯೋಚಿಸಲೂ ಅವಳಿಗೆ ತ್ರಾಣವಿರಲಿಲ್ಲ.

ಹತ್ತನೆಯ ದಿನ ಅಕ್ಕನನ್ನು ಅಮ್ಮನ ಬಳಿ ಕೂರಿಸಿ ಆಸ್ಪತ್ರೆಗೆ ಹೋಗಿ, ವಾರ್ಡಿನ ಬಾಗಿಲಲ್ಲಿ ಅವನೆದುರು ನಿಂತಳು.

“ಬೇಡ ಅಂತಾದ್ರೂ ಒಂದು ಮಾತು ಹೇಳ್ಬಹುದಿತ್ತು.”

ಅವನು ತಲೆ ತಗ್ಗಿಸಿದ. “ಚೆನ್ನಾಗಿದೆ ಅಂತ ಬರೆದ್ರೆ ಕೆಲಸ ಮುಗೀತು, ನೀವು ಬರೋದೂ ನಿಂತೋಗುತ್ತೆ. ಅದಕ್ಕೇ ಬರೀಲಿಲ್ಲ.”

“ಮತ್ತೆ ಆ ಸೊಂಡಿಲು, ಸೂಜಿ?”

“ಕಣ್ಣೀರಿನ ಮಾತೊಂದೇ ನಿಜ. ಉಳಿದದ್ದೆಲ್ಲ ನೆಪ. ತಪ್ಪಾಯ್ತು.”

ಸಿಟ್ಟು ಬರಬೇಕಿತ್ತು. ಬಂದದ್ದು ಅಳು.

“ನಂಗೆಷ್ಟು ಸುಸ್ತಾಗಿದೆ ಗೊತ್ತಾ? ನೋಡ್ಬೇಕು ಅನ್ನಿಸಿದ್ರೆ ನೇರವಾಗಿ ಹೇಳಿ. ಮತ್ತೆ ಮತ್ತೆ ಬಿಡಿಸೋ ಶಕ್ತಿ ನಂಗಿಲ್ಲ.”

“ದಿನಾ ಅನ್ನಿಸುತ್ತೆ.”

ಇಬ್ಬರೂ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಸಿದು ಕೂತರು. ಅವಳು ಮೆಲ್ಲಗೆ ಅವನ ಭುಜಕ್ಕೆ ತಲೆಯಾನಿಸಿದಳು.

“ಐದು ನಿಮಿಷ ಏನೂ ಮಾತಾಡ್ಬೇಡಿ.”

“ಹತ್ತು ನಿಮಿಷ ಇರಲಿ,” ಎಂದು ಅವನೂ ಕಣ್ಣು ಮುಚ್ಚಿದ.