ಹಳದಿ ಫ್ರಾಕಿನ ಚೂರು

"ಮರಕ್ಕೆ ಕಟ್ಟಿದ್ದನ್ನ ಬಿಚ್ಚಬೇಡಿ," ಎಂದಳು ಮಿಸ್ ಹೇಜಲ್. ಕಲ್ಲಿನ ಚರ್ಚಿನ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುವ ಮುದುಕಿ. "ಕಾಯಿಲೆ ಆ ಬಟ್ಟೆಯಲ್ಲಿ ಕೂತಿರುತ್ತೆ. ಅದು ತಾನಾಗಿ ಕೊಳೆತು ಬೀಳಬೇಕು. ಕೈಯಾರೆ ಬಿಚ್ಚಿದವರ ಮೈಗೆ ಹತ್ತುತ್ತೆ."

ಚಿದಾನಂದ್ ನಕ್ಕುಬಿಟ್ಟ. "ನಾನು ಶ್ವಾಸಕೋಶದ ಮೇಲೆಯೇ ಸಂಶೋಧನೆ ಮಾಡುವವನು ಮೇಡಂ. ಬಟ್ಟೆಯಿಂದ ಅಸ್ತಮಾ ಅಂಟಿದರೆ ನನಗೊಂದು ದೊಡ್ಡ ಪ್ರಶಸ್ತಿ ಗ್ಯಾರಂಟಿ."

"ನಗಿ. ನಗುವುದಕ್ಕೆ ಬೇರೆ ಟಿಕೆಟ್ ಇಲ್ಲ," ಎಂದಳು ಅವಳು. ಅವಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಏನಂತಾಳೋ ಆಕಿ?" ಹಿಂದೆ ನಿಂತಿದ್ದ ಗುರವ್ವ ಮಗನ ತೋಳು ಹಿಡಿದು ಕೇಳಿದಳು.

"ಏನಿಲ್ಲ ಬೇ. ಗಿಡಕ್ಕ ಧಕ್ಕಿ ಮಾಡಬ್ಯಾಡ್ರಿ ಅಂತಾಳ. ಈ ದೇಶದಾಗ ಎಲ್ಲಾದಕ್ಕೂ ಒಂದು ರೂಲ್ಸ್ ನೋಡು."

"ಡ್ಯಾಡಿ, ದಟ್ಸ್ ನಾಟ್ ವಾಟ್ ಶೀ ಸೆಡ್," ಎಂದಳು ಮಗಳು ನಿಶಿತಾ.

"ನಿಶಿ, ಸುಮ್ನ ತೆಂಗಿನಕಾಯಿ ಹಿಡಕೋ."

ಆಸ್ಟಿನ್ ದಾಟಿ ಪಶ್ಚಿಮದ ಗುಡ್ಡಗಳೊಳಗೆ ಬಹಳ ದೂರ ಬಂದರೆ ಹಾಲೋಬ್ರೂಕ್ ಸಿಗುತ್ತದೆ. ಯಾವನೋ ಎಣ್ಣೆಬಾವಿಯ ಧಣಿ ತನ್ನ ಪೂರ್ವಿಕರ ಇಂಗ್ಲಿಷ್ ಹಳ್ಳಿಯೊಂದನ್ನು ಕಲ್ಲು ಕಲ್ಲಾಗಿ ಬಿಚ್ಚಿಸಿ, ಹಡಗಿನಲ್ಲಿ ತರಿಸಿ, ಈ ಸುಣ್ಣಕಲ್ಲಿನ ಬಯಲಿನಲ್ಲಿ ಮತ್ತೆ ಕಟ್ಟಿಸಿದ್ದ. ಪಾಚಿ ಹಿಡಿದ ಚರ್ಚು, ನೀರಿನ ಗಿರಣಿ, ಕುಲುಮೆ, ಹುಲ್ಲು ಹೊದಿಸಿದ ಮನೆಗಳು. ಕಲ್ಲಿನ ಜೊತೆ ಬಂದ ಕೆಲಸಗಾರರ ಮೊಮ್ಮಕ್ಕಳು ಈಗ ಅವನ್ನೆಲ್ಲ ಪ್ರವಾಸಿಗರಿಗೆ ತೋರಿಸುತ್ತಾರೆ. ಆ ಕೆಲಸಗಾರರು ಕಲ್ಲನ್ನಷ್ಟೇ ತಂದಿರಲಿಲ್ಲ. ಚರ್ಚಿನ ಹಿಂದೆ, ಗಂಧಕದ ವಾಸನೆಯ ಬುಗ್ಗೆಯ ಮೇಲೆ ಬಾಗಿದ ಓಕ್ ಮರಕ್ಕೆ ಬಟ್ಟೆ ಕಟ್ಟುವ ತಮ್ಮೂರಿನ ಪದ್ಧತಿಯನ್ನೂ ತಂದಿದ್ದರು.

ಕಳೆದ ವರ್ಷ ತಾವಿರುವ ಪೇರ್ಲ್ಯಾಂಡಿನಿಂದ ಸುಮ್ಮನೆ ನೋಡಲೆಂದು ಬಂದಾಗ ನಿಶಿತಾಳಿಗೆ ವಿಪರೀತ ಉಬ್ಬಸವಿತ್ತು. ರಾತ್ರಿಯೆಲ್ಲ ಅವಳ ಎದೆ ಸೀಟಿ ಊದುತ್ತಿತ್ತು. ಟೊಂಗೆಯ ತುಂಬ ಜೋತುಬಿದ್ದ ಚಿಂದಿಗಳನ್ನು ಕಂಡು ಗುರವ್ವ ಕೈಮುಗಿದಳು. ಊರಿನ ದ್ಯಾಮವ್ವನ ಬನ್ನಿಗಿಡ ನೆನಪಾಯಿತು ಅವಳಿಗೆ. ಯಾರನ್ನೂ ಕೇಳಲಿಲ್ಲ. ಮೊಮ್ಮಗಳ ಹಳದಿ ಫ್ರಾಕಿನ ಅಂಚನ್ನು ಹಲ್ಲಿನಿಂದ ಸೀಳಿ, ಕಟ್ಟಿ, ಹರಕೆ ಹೊತ್ತಳು.

ಉಬ್ಬಸ ನಿಂತಿತು. ಬೆಳೆಯುತ್ತ ಕೆಲವು ಮಕ್ಕಳಿಗೆ ತಾನಾಗಿ ಹೋಗುತ್ತದೆ ಎಂದರು ಡಾಕ್ಟರು. ಚಿದಾನಂದನೂ ಅದನ್ನೇ ನಂಬಿದ್ದ. ಆದರೆ ಗುರವ್ವ ಈ ಸಲ ಗದಗಿಗೆ ಮರಳುವ ದಿನ ಹತ್ತಿರ ಬಂದಂತೆ ಒಂದೇ ಹಟ ಹಿಡಿದಳು. "ಹರಕಿ ತೀರಿದ ಮ್ಯಾಲ ಗಂಟು ಬಿಚ್ಚಿ ಕಾಯಿ ಒಡೀಬೇಕಪಾ. ಹಂಗ ಬಿಟ್ರ ದೇವಿ ಸಿಟ್ಟಾಗ್ತಾಳ." ಹೆಂಡತಿ ಸೌಂದರ್ಯಾ ಆಸ್ಪತ್ರೆಯ ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ. ಸ್ಟಾಫರ್ಡಿನ ಇಂಡಿಯನ್ ಅಂಗಡಿಯಲ್ಲಿ ಕಾಯಿ, ಕರ್ಪೂರ ಕೊಂಡು ಮೂವರೇ ಹೊರಟಿದ್ದರು.

ಮರದ ಕೆಳಗೆ ಮಧ್ಯಾಹ್ನದಲ್ಲೂ ಮಬ್ಬು. ಒದ್ದೆ ಬಟ್ಟೆಯ ಬೂಷ್ಟು, ಗಂಧಕ, ಸೀಡರ್ ಮರಗಳ ಒಗರು, ಎಲ್ಲ ಸೇರಿದ ಭಾರವಾದ ಗಾಳಿ. ಜೀರುಂಡೆಗಳ ಕಿರುಚು ಕಿವಿಗೆ ಗರಗಸ ಹಾಕಿದಂತಿತ್ತು. ಉಳಿದ ಚಿಂದಿಗಳೆಲ್ಲ ಬಣ್ಣಗೆಟ್ಟು, ಎಳೆ ಬಿಟ್ಟು, ತೊಗಟೆಯಂತಾಗಿದ್ದವು. ಹಳದಿ ಚೂರು ಮಾತ್ರ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿತ್ತು.

"ನೋಡು, ದೇವಿ ಕಾಯ್ದಾಳ," ಎಂದಳು ಗುರವ್ವ. ಅವಳಿಗೆ ಟೊಂಗೆ ಎಟುಕಲಿಲ್ಲ. "ನೀನ ಬಿಚ್ಚಪಾ ಚಿದು."

"ಡ್ಯಾಡಿ, ಡೋಂಟ್."

ಅವನು ಬಿಚ್ಚಿದ.

ಗಂಟು ಬೆಚ್ಚಗಿತ್ತು. ಬಿಸಿಲು ಬೀಳದ ಜಾಗದಲ್ಲಿ ಅದು ಹೇಗೆ ಬೆಚ್ಚಗಿದೆ ಎಂದು ಅವನಿಗೆ ಆಶ್ಚರ್ಯವಾಯಿತು. ಬಟ್ಟೆ ಕೈಗೆ ಬಂದ ಗಳಿಗೆಯಲ್ಲಿ ಜೀರುಂಡೆಗಳು ನಿಂತವು. ಒಂದೂ ಉಳಿಯದಂತೆ ನಿಂತವು. ಗಾಳಿಯಿಲ್ಲದೆ ಚಿಂದಿಗಳೆಲ್ಲ ಒಮ್ಮೆ ಅವನತ್ತ ತೂಗಿ, ಹಿಂದಕ್ಕೆ ಹೋದವು.

ಆ ಮೌನದಲ್ಲಿ ಒಂದು ಸೀಟಿ ಕೇಳಿಸಿತು. ಸಣ್ಣದು, ಎಳೆಯದು. ಎಷ್ಟೋ ರಾತ್ರಿ ಮಗಳ ಹಾಸಿಗೆಯ ಪಕ್ಕ ಕೂತು ಕೇಳಿದ ಸದ್ದು ಅದು. ಚಿದಾನಂದ್ ಗಾಬರಿಯಿಂದ ತಿರುಗಿದ. ನಿಶಿತಾ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

ಸೀಟಿ ಅವನ ಎದೆಯೊಳಗಿತ್ತು.

ಧೂಳು, ಬೂಷ್ಟು, ಅಲರ್ಜಿ ಎಂದುಕೊಂಡ. ಕಾರಿನತ್ತ ನಡೆದ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮಗಳ ಹಳೆಯ ಇನ್ಹೇಲರ್ ಇತ್ತು. ಒತ್ತಿದ. ಮತ್ತೆ ಒತ್ತಿದ. ಔಷಧದ ಕಹಿ ನಾಲಿಗೆಗೆ ತಾಗಿತೇ ಹೊರತು ಎದೆ ಸಡಿಲವಾಗಲಿಲ್ಲ. ಉಬ್ಬಸದಲ್ಲಿ ಉಸಿರು ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದೇ ಕಷ್ಟ; ವಿದ್ಯಾರ್ಥಿಗಳಿಗೆ ಅವನೇ ಎಷ್ಟೋ ಸಲ ಹೇಳಿದ್ದ. ಈಗ ಅದು ಮೈಯಲ್ಲಿ ನಡೆಯುತ್ತಿತ್ತು. ಒಳಗೆ ಹೋದದ್ದು ಹೊರಗೆ ಬರುತ್ತಿಲ್ಲ. ಎದೆ ತುಂಬುತ್ತಿದೆ. ತುಂಬುತ್ತಲೇ ಇದೆ. ಫೋನಿಗೆ ಸಿಗ್ನಲ್ ಇಲ್ಲ. ನೆಲಕ್ಕೆ ಬಿದ್ದ. ಬಾಯಿಗೆ ಜಲ್ಲಿಕಲ್ಲಿನ ಪುಡಿ. ಕಣ್ಣಂಚು ಕಪ್ಪಾಯಿತು. ಬಟ್ಟೆಯನ್ನು ಎಸೆಯಲು ನೋಡಿದ. ಮುಷ್ಟಿ ಬಿಚ್ಚಲಿಲ್ಲ.

"ಚಿದೂ! ಏನಾತೋ? ಏನ ಅಂದಿದ್ಳೋ ಆ ಮುದುಕಿ?"

ಅವನ ಬಾಯಿಂದ ಮಾತು ಹೊರಡಲಿಲ್ಲ. ಹೇಳಿದವಳು ನಿಶಿತಾ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಅಜ್ಜಿಯ ಸೆರಗು ಹಿಡಿದು, ಅಜ್ಜಿಯ ಮಾತಿನಲ್ಲೇ ತಡವರಿಸಿದಳು. "ಅಜ್ಜಿ... ಅರಿವ್ಯಾಗ ನನ್ನ ಕೆಮ್ಮು ಐತಂತ. ಯಾರು ಬಿಚ್ತಾರ... ಅವ್ರಿಗೆ ಬರ್ತದಂತ."

ಗುರವ್ವನ ಮುಖ ಬಿಳಿಚಿತು. ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಯ ಪಾರ್ಕಿಂಗಿನಲ್ಲಿ, ಹೊಸ ಕಾರಿನ ಗಾಲಿಗೆ ಸಿಕ್ಕು ಅಪ್ಪಚ್ಚಿಯಾದ ನಿಂಬೆಹಣ್ಣನ್ನೂ ದಾಟದೆ ಸುತ್ತಿ ಬರುವವಳು ಅವಳು. ಇನ್ನು ಏನನ್ನೂ ಬಿಡಿಸಿ ಹೇಳಬೇಕಿರಲಿಲ್ಲ.

"ಅಯ್ಯ ನನ ಮಗನ, ಇದು ಹರಕಿ ಗಿಡ ಅಲ್ಲೋ! ನಿವಾಳಿಸಿ ಒಗಿಯೋ ಜಾಗಾನೋ ಇದು! ಒಂದ ಮಾತು ನನಗ ಹೇಳಬಾರದಿತ್ತಾ?"

ಅವನ ಬೆರಳುಗಳನ್ನು ಒಂದೊಂದಾಗಿ ಎತ್ತಿ ಬಟ್ಟೆ ಕಿತ್ತುಕೊಂಡಳು. ಮರದತ್ತ ಓಡಿದಳು. ಎಟುಕಿದ ಟೊಂಗೆಗೆ ಕಟ್ಟಿದಳು. ಗಂಟು ತಾನಾಗಿ ಸಡಿಲಾಗಿ ಬಟ್ಟೆ ಕೆಳಗೆ ಬಿತ್ತು. ಮತ್ತೆ ಕಟ್ಟಿದಳು. ಮತ್ತೆ ಬಿತ್ತು. ಓಡಿಬಂದ ಮಿಸ್ ಹೇಜಲ್ ದೂರದಲ್ಲೇ ನಿಂತು ತಲೆಯಾಡಿಸಿದಳು. "ಒಮ್ಮೆ ಬಿಟ್ಟದ್ದನ್ನ ಮರ ಮತ್ತೆ ಹಿಡಿಯೋದಿಲ್ಲ. ಇನ್ನು ಮನುಷ್ಯರೇ ಹಿಡೀಬೇಕು. ಕೊಳೆಯುವ ತನಕ."

ನಿಶಿತಾ ಅಳುತ್ತ ಅದನ್ನೂ ಅಜ್ಜಿಗೆ ಹೇಳಿದಳು.

ನೆಲದ ಮೇಲೆ ಬಿದ್ದಿದ್ದ ಚಿದಾನಂದ್ ನೋಡುತ್ತಿದ್ದ. ಬೇಡ ಎನ್ನಲು ಉಸಿರಿರಲಿಲ್ಲ. ಅವ್ವ ಆ ಹಳದಿ ಚೂರನ್ನು ಸೆರಗಿನ ತುದಿಯಲ್ಲಿಟ್ಟಳು. ಗಂಟು ಹಾಕಿದಳು. ಗಂಟಿನ ಮೇಲೆ ಇನ್ನೊಂದು ಗಂಟು. "ನನಗ ಬಾ," ಎಂದಳು, ದನವನ್ನು ಕೂಗಿ ಕರೆದಷ್ಟು ಸಹಜವಾಗಿ.

ಗಾಳಿ ನುಗ್ಗಿತು. ತಂಪಾಗಿ, ಸೀಡರಿನ ವಾಸನೆಯೊಂದಿಗೆ, ಅವನ ಎದೆಯ ಮೂಲೆಮೂಲೆಗೂ ನುಗ್ಗಿತು. ಜೀರುಂಡೆಗಳು ಮತ್ತೆ ಶುರುವಾದವು. ಅವುಗಳ ನಡುವೆ, ಮರದ ಬುಡದಿಂದ, ಅವ್ವ ಕೆಮ್ಮುವುದು ಕೇಳಿಸಿತು.

ಗುರವ್ವ ಗದಗಿಗೆ ಹೋಗಲಿಲ್ಲ. ಆ ಎದೆಯಲ್ಲಿ ವಿಮಾನ ಹತ್ತಿಸುವುದು ಬೇಡ ಎಂದರು ಡಾಕ್ಟರು. ಔಷಧ ಬದಲಾಯಿಸಿದರು, ಸ್ಕ್ಯಾನ್ ಮಾಡಿಸಿದರು, ಕಾರಣ ಸಿಗಲಿಲ್ಲ. ಸೀರೆ ಬದಲಿಸುವಾಗಲೂ ಅವಳು ಗಂಟಿನ ಚೂರನ್ನು ಬಿಡದೆ, ಹೊಸ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಸೌಂದರ್ಯಾ ತಾನು ಕಟ್ಟಿಕೊಳ್ಳುತ್ತೇನೆಂದು ಗೋಗರೆದರೆ, "ನೀ ಮಗೀನ ತಾಯಿ, ಸುಮ್ನಿರು," ಎಂದು ಗದರುತ್ತಿದ್ದಳು. ಹೆಂಡತಿ, ಮಗಳು ಇಲ್ಲದಾಗ ಚಿದಾನಂದ್ ಅದನ್ನು ತನಗೆ ಕೊಡೆಂದು ಕೇಳಿದ. ಅವನತ್ತ ಅವಳು ತಿರುಗಿಯೂ ನೋಡಲಿಲ್ಲ.

ದಿನಾ ಬೆಳಿಗ್ಗೆ ಅಡುಗೆಮನೆಯ ನಲ್ಲಿಯ ಕೆಳಗೆ ಅದನ್ನು ತೋಯಿಸುತ್ತಿದ್ದಳು. ಒದ್ದೆಯಾಗಿದ್ದರೆ ಬೇಗ ಕೊಳೆಯುತ್ತದೆ ಎಂಬ ಲೆಕ್ಕ. ಹಿತ್ತಲಿನ ಹಸಿಮಣ್ಣು ಬಳಿದು ಇಡುತ್ತಿದ್ದಳು. "ಅರಿವಿ ಅಂದ್ರ ಎಷ್ಟ ದಿನಾ ಇರತೈತಿ? ಈ ಮಳಿಗಾಲ ದಾಟೂದಿಲ್ಲ ಬಿಡು," ಎನ್ನುವಳು. ಮಾತು ಮುಗಿಯುವ ಮೊದಲೇ ಸೀಟಿ ಏಳುವುದು.

ಒಂದು ಬೆಳಿಗ್ಗೆ ನಿಶಿತಾ ಅಜ್ಜಿಯ ಪಕ್ಕ ನಿಂತು ಮಣ್ಣು ತೊಳೆಯಲು ನೆರವಾಗುತ್ತಿದ್ದಳು. ಬಟ್ಟೆ ಹೊಳೆಯಿತು. ಒಂದೆಳೆಯೂ ಬಿಟ್ಟಿರಲಿಲ್ಲ. ಅಂಚಿಗೆ ಹೊಲಿದಿದ್ದ ಪುಟ್ಟ ಬಿಳಿ ಪಟ್ಟಿಯನ್ನು ಅವಳು ಬೆರಳಿನಿಂದ ಉಜ್ಜಿ ಓದಿದಳು.

"ಡ್ಯಾಡಿ, ವಾಟ್ಸ್ ಪಾಲಿಯೆಸ್ಟರ್? ಡಸ್ ಇಟ್ ರಾಟ್?"

ಚಿದಾನಂದನ ಕೈಯ ಲೋಟ ಅಲ್ಲೇ ನಿಂತಿತು. ಅದು ಹತ್ತಿಯಲ್ಲ, ಪ್ಲಾಸ್ಟಿಕ್ಕು. ಮಣ್ಣು ಅದನ್ನು ತಿನ್ನುವುದಿಲ್ಲ. ಈ ಮನೆಯ ಯಾರ ಆಯುಷ್ಯವೂ ಅದಕ್ಕೆ ಸಾಲುವುದಿಲ್ಲ.

ಗುರವ್ವ ಗೋಡೆ ಹಿಡಿದು ಉಸಿರು ಹೊರಗೆ ದಬ್ಬಿದಳು. ಮಗನತ್ತ ನೋಡಿದಳು.

"ಏನಂತಾಳೋ ಆಕಿ?"

"ಏನಿಲ್ಲ ಬೇ," ಎಂದ ಚಿದಾನಂದ್.